ಆಕಾಶಕ್ಕೆ ಕ್ಯಾಮೆರಾ ಎತ್ತಿದರೆ ತಪ್ಪೇನು?

ತೊಗರಿ ಹೂ ಬಿಡುವ ಕಾಲಕ್ಕೆ ಚಿಂಚೋಳಿ ತಾಲ್ಲೂಕಿನ ಹೊಲಗಳಲ್ಲಿ ಜೆಟ್ ವಿಮಾನದ ಸದ್ದು ಕೇಳಿದರೆ ಯಾರೂ ಬೆಚ್ಚುವುದಿಲ್ಲ. ಬೀದರ್‌ನ ವಾಯುಪಡೆ ನೆಲೆ ಇಲ್ಲಿಂದ ನೇರ ಗೆರೆ ಎಳೆದರೆ ಐವತ್ತು ಕಿಲೊಮೀಟರ್ ಆಸುಪಾಸು. ಬಸ್ಸಿಗೆ ಎರಡು ತಾಸಿನ ಹಾದಿ, ಹಾಕ್ ತರಬೇತಿ ಜೆಟ್ಟಿಗೆ ನಾಲ್ಕೈದು ನಿಮಿಷ. ಸದ್ದು ಬಿದ್ದ ಕೂಡಲೇ ಹುಡುಗರು ‘ಬಂತು ನೋಡಲೇ’ ಎಂದು ಮೊಬೈಲ್ ಎತ್ತುತ್ತಾರೆ. ಅಷ್ಟರಲ್ಲಿ ವಿಮಾನ ದಾಟಿರುತ್ತದೆ. ಸಿಕ್ಕರೂ ಫೋಟೊದಲ್ಲಿ ಎಳ್ಳು ಕಾಳಿನಷ್ಟು ಕಪ್ಪು ಚುಕ್ಕೆ. ಅದನ್ನೇ ಹಿಗ್ಗಿಸಿ, ಒಂದು ಹಾಡು ಜೋಡಿಸಿ ಸ್ಟೇಟಸ್‌ಗೆ ಹಾಕಿ, ಎಷ್ಟು ಮಂದಿ ನೋಡಿದರು ಎಂದು ಸಂಜೆಯ ತನಕ ಎಣಿಸುತ್ತಾರೆ.

ಮನೆಯಲ್ಲಿ ಹಿರಿಯರ ಬುದ್ಧಿವಾದ ತಪ್ಪದು: ‘ಮಿಲಿಟರಿದ್ದು ಫೋಟೊ ತೆಗಿಬ್ಯಾಡ್ರಪಾ, ಪೊಲೀಸ್ರು ಹಿಡ್ಕೊಂಡು ಹೋಗ್ತಾರ.’ ಈ ಭಯ ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಯಾವುದು ಸರಿ, ಯಾವುದು ತಪ್ಪು ಎಂದು ಕಲ್ಯಾಣ ಕರ್ನಾಟಕದ ಈ ಮೂಲೆಯ ಜನರಿಗೆ ಯಾರೂ ಬಿಡಿಸಿ ಹೇಳಿಲ್ಲ. ನೆತ್ತಿಯ ಮೇಲೆ ಹಾರುವ ಸೇನಾ ವಿಮಾನದ ಫೋಟೊ ತೆಗೆಯುವುದು ಒಂದು ವಿದ್ಯೆ. ಅದಕ್ಕೆ ಗಣಿತ ಬೇಕು, ಬೆಳಕಿನ ತಿಳಿವಳಿಕೆ ಬೇಕು, ಕೈಯ ಹದ ಬೇಕು. ಕಲಿಯುವ ಮನಸ್ಸಿದ್ದವರನ್ನು ಅನುಮಾನದಿಂದ ನೋಡುವುದನ್ನು ಬಿಟ್ಟು, ಕಲಿಯಲು ಒಂದು ದಿನ, ಒಂದು ಜಾಗ ಕೊಡುವುದು ಸರ್ಕಾರಕ್ಕೂ ವಾಯುಪಡೆಗೂ ಕಷ್ಟದ ಕೆಲಸವೇನಲ್ಲ.

ಮೊದಲು ಗಣಿತದ ಮಾತು. ವಿಮಾನ ಮೂರು ಕಿಲೊಮೀಟರ್ ಎತ್ತರದಲ್ಲಿ ಹಾರುತ್ತಿದ್ದರೆ ಅದರ ಸದ್ದು ನೆಲ ಮುಟ್ಟಲು ಸುಮಾರು ಒಂಬತ್ತು ಸೆಕೆಂಡು ಬೇಕು. ಗಂಟೆಗೆ 700 ಕಿಲೊಮೀಟರ್ ವೇಗದಲ್ಲಿ ಹೋಗುವ ಜೆಟ್ ಆ ಒಂಬತ್ತು ಸೆಕೆಂಡಿನಲ್ಲಿ ಒಂದೂಮುಕ್ಕಾಲು ಕಿಲೊಮೀಟರ್ ಮುಂದೆ ಹೋಗಿರುತ್ತದೆ. ಸದ್ದು ಬಂದ ದಿಕ್ಕಿಗೆ ಮುಖ ಮಾಡಿದವರಿಗೆ ಖಾಲಿ ಆಕಾಶ ಕಾಣುವುದು ಇದಕ್ಕೇ. ಹಳ್ಳಿಯ ಹುಡುಗರು ಇದನ್ನು ಸೂತ್ರವಿಲ್ಲದೆಯೇ ಕಂಡುಕೊಂಡಿರುತ್ತಾರೆ. ಸದ್ದಿನ ಮುಂದೆ ಕಣ್ಣು ಹಾಯಿಸುತ್ತಾರೆ. ಎಂಟನೇ ತರಗತಿಯ ವಿಜ್ಞಾನದ ಮೇಷ್ಟ್ರಿಗೆ ಶಬ್ದದ ವೇಗ ಕಲಿಸಲು ಇದಕ್ಕಿಂತ ಒಳ್ಳೆಯ ಪಾಠ ಸಿಗಲಾರದು.

ಗಾತ್ರದ ಲೆಕ್ಕ ಇನ್ನೂ ಸ್ವಾರಸ್ಯದ್ದು. ಭಾರತೀಯ ವಾಯುಪಡೆಯ ದೊಡ್ಡ ಸಾಗಣೆ ಜೆಟ್ ಸಿ-17 ಗ್ಲೋಬ್‌ಮಾಸ್ಟರ್. ಮೂಗಿನಿಂದ ಬಾಲದ ತನಕ 53 ಮೀಟರ್, ರೆಕ್ಕೆಯ ತುದಿಯಿಂದ ತುದಿಗೆ ಹೆಚ್ಚುಕಮ್ಮಿ 52 ಮೀಟರ್, ನಾಲ್ಕು ಎಂಜಿನ್. 2013ರಿಂದ ಬರತೊಡಗಿದ ಇಂಥ ಹನ್ನೊಂದು ವಿಮಾನಗಳು ದೆಹಲಿ ಪಕ್ಕದ ಹಿಂಡನ್ ನೆಲೆಯಲ್ಲಿವೆ. ಅಷ್ಟು ದೊಡ್ಡದು ಹತ್ತು ಕಿಲೊಮೀಟರ್ ಎತ್ತರದಲ್ಲಿ ಹೋದರೆ ನೆಲದವರ ಕಣ್ಣಿಗೆ ಹುಣ್ಣಿಮೆ ಚಂದ್ರನ ಅರ್ಧಕ್ಕಿಂತ ತುಸು ಹೆಚ್ಚಷ್ಟೇ ಅಗಲ. ಸಾಧಾರಣ ಮೊಬೈಲಿನ ಮುಖ್ಯ ಲೆನ್ಸಿನಲ್ಲಿ, ನಾಲ್ಕು ಸಾವಿರ ಪಿಕ್ಸೆಲ್ ಅಗಲದ ಚಿತ್ರದಲ್ಲಿ, ಅದಕ್ಕೆ ಸಿಗುವುದು ಹದಿನಾಲ್ಕು ಪಿಕ್ಸೆಲ್ ಜಾಗ. ನಾಲ್ಕು ಎಂಜಿನ್ ಇವೆಯೋ ಎರಡೋ ಎಂದು ಹೇಳಲೂ ಆಗದು. 600 ಎಂಎಂ ಲೆನ್ಸ್ ಹಾಕಿದರೆ ಅದೇ ವಿಮಾನ ಮುನ್ನೂರೈವತ್ತು ಪಿಕ್ಸೆಲ್ ತುಂಬುತ್ತದೆ. ಆಕಾರ ಗೊತ್ತಾಗುತ್ತದೆ, ಮೆಚ್ಚುವಂಥ ಚಿತ್ರವಾಗುವುದಿಲ್ಲ.

ಹಾಕ್ ಲೆಕ್ಕವೇ ಬೇರೆ. ಉದ್ದ ಸುಮಾರು ಹನ್ನೆರಡು ಮೀಟರ್, ರೆಕ್ಕೆ ಹತ್ತು ಮೀಟರಿನ ಒಳಗೆ. ಗ್ಲೋಬ್‌ಮಾಸ್ಟರ್ ಮುಂದೆ ಅದು ಮರಿ. ಆದರೆ ಒಂದು ಕಿಲೊಮೀಟರ್ ದೂರಕ್ಕೆ ಬಂದಾಗ ಅದು ಹುಣ್ಣಿಮೆ ಚಂದ್ರನಿಗಿಂತ ಅಗಲವಾಗಿ ಕಾಣುತ್ತದೆ. ಎತ್ತರದಲ್ಲಿ ಬಿಳಿ ಗೆರೆ ಎಳೆಯುತ್ತ ಹೋಗುವ ದೈತ್ಯಕ್ಕಿಂತ ತಗ್ಗಿನಲ್ಲಿ ಹಾರುವ ಸಣ್ಣ ತರಬೇತಿ ಜೆಟ್ಟೇ ಫೋಟೊಗ್ರಾಫರನಿಗೆ ದೊಡ್ಡದು. ದೊಡ್ಡ ಜೆಟ್‌ಗಳ ಚಿತ್ರ ಬೇಕೆನ್ನುವವರು ಕೈ ಪಳಗಿಸಲು ಸಣ್ಣದರಿಂದ ಶುರು ಮಾಡಬೇಕು. ಅದಕ್ಕೆ ಚಿಂಚೋಳಿಗಿಂತ ಅನುಕೂಲದ ಜಾಗ ಕರ್ನಾಟಕದಲ್ಲಿ ಹೆಚ್ಚಿಲ್ಲ.

ಬೀದರ್‌ನ ಹಿರಿಮೆ ಈ ಭಾಗದಲ್ಲೇ ಎಷ್ಟೋ ಮಂದಿಗೆ ಗೊತ್ತಿಲ್ಲ. ಸೂರ್ಯಕಿರಣ ವೈಮಾನಿಕ ತಂಡ ಹುಟ್ಟಿದ್ದು ಅಲ್ಲೇ, 1996ರಲ್ಲಿ, ಬೆಂಗಳೂರಿನ ಎಚ್‌ಎಎಲ್ ತಯಾರಿಸಿದ ಕಿರಣ್ ವಿಮಾನಗಳೊಂದಿಗೆ. 2011ರ ಏರೋ ಇಂಡಿಯಾ ವೈಮಾನಿಕ ಪ್ರದರ್ಶನದ ಬಳಿಕ ತರಬೇತಿಗೆ ವಿಮಾನ ಸಾಲದೆ ತಂಡವನ್ನು ನಿಲ್ಲಿಸಲಾಯಿತು. ಕೆಲವು ವರ್ಷಗಳ ನಂತರ ಕೆಂಪು–ಬಿಳಿ ಬಣ್ಣದ ಹಾಕ್‌ಗಳೊಂದಿಗೆ ಮತ್ತೆ ಬಂತು. ಹಾಕ್ ವಾಯುಪಡೆಗೆ ಅಧಿಕೃತವಾಗಿ ಸೇರಿದ್ದು 2008ರಲ್ಲಿ, ಅದೂ ಬೀದರ್‌ನಲ್ಲೇ. ಯುದ್ಧವಿಮಾನ ಹಾರಿಸಲು ಹೊರಟ ಎಷ್ಟೋ ಪೈಲಟ್‌ಗಳು ಜೆಟ್ ಕಲಿಯುವುದು ಈ ಆಕಾಶದಲ್ಲಿ.

ಮತ್ತೆ ದೊಡ್ಡ ಜೆಟ್‌ಗಳನ್ನು ಹತ್ತಿರದಿಂದ ಹಿಡಿಯುವುದು ಎಲ್ಲಿ? ಕರ್ನಾಟಕದವರಿಗೆ ಸದ್ಯಕ್ಕಿರುವ ಉತ್ತರ ಬೆಂಗಳೂರಿನ ಯಲಹಂಕ ವಾಯುನೆಲೆ. 1996ರಿಂದ ಎರಡು ವರ್ಷಕ್ಕೊಮ್ಮೆ ನಡೆಯುವ ಏರೋ ಇಂಡಿಯಾದಲ್ಲಿ ಅಪರೂಪದ ದೈತ್ಯಗಳು ಬಂದಿವೆ. 2021ರ ಫೆಬ್ರುವರಿ 3ರಂದು ಅಮೆರಿಕದ ಬಿ-1ಬಿ ಲ್ಯಾನ್ಸರ್ ಬಾಂಬರ್ ಯಲಹಂಕದ ಮೇಲೆ ಹಾರಿತು, 2023ರಲ್ಲೂ ಬಂತು. ಹಾರುತ್ತಲೇ ರೆಕ್ಕೆ ಹಿಂದಕ್ಕೆ ಮಡಿಸಿಕೊಳ್ಳುವ ವಿಮಾನ ಅದು: ಚಾಚಿದಾಗ ಸುಮಾರು 42 ಮೀಟರ್, ಮಡಿಸಿದಾಗ 24 ಮೀಟರ್. 2025ರಲ್ಲಿ ರಷ್ಯಾದ ಸುಖೋಯ್-57, ಅಮೆರಿಕದ ಎಫ್-35 ಎರಡೂ ಒಂದೇ ನೆಲೆಗೆ ಬಂದದ್ದು ಜಗತ್ತಿನ ವಿಮಾನಪ್ರಿಯರ ಮಾತಿಗೆ ವಸ್ತುವಾಯಿತು. ಅವು ಗಾತ್ರದಲ್ಲಿ ದೊಡ್ಡವಲ್ಲ, ಹೆಸರಿನಲ್ಲಿ ದೊಡ್ಡವು.

ಪಳಗಿದ ಕೈಗಳಿಗೆ ಇಷ್ಟವಾದದ್ದು ಮಾತ್ರ ಇಲ್ಯೂಶಿನ್-76. ವಾಯುಪಡೆ ಅದಕ್ಕಿಟ್ಟ ಹೆಸರು ಗಜರಾಜ, 1985ರಿಂದ ಸೇವೆಯಲ್ಲಿದೆ. ಮೂಗಿನ ಕೆಳಗೆ ದಿಕ್ಕು ನೋಡುವ ಅಧಿಕಾರಿಗೆಂದು ಮಾಡಿದ ಗಾಜಿನ ಕೋಣೆ, ಬೆನ್ನ ಮೇಲೆ ಹೇರಿದಂಥ ರೆಕ್ಕೆ, ಹಿಂದೆ ಹೊಗೆಯ ನಾಲ್ಕು ಎಳೆ. ಗ್ಲೋಬ್‌ಮಾಸ್ಟರ್ ಹೊಗೆಯಿಲ್ಲದೆ ಅಚ್ಚುಕಟ್ಟಾಗಿ ಬಂದು ಹೋಗುತ್ತದೆ. ಗಜರಾಜ ಬಂದರೆ ಬಂದೆ ಎಂದು ಸಾರಿಕೊಂಡೇ ಬರುತ್ತದೆ. ಚಿತ್ರಕ್ಕೆ ಯಾವುದು ಚೆಂದ ಎಂದರೆ ಎರಡನೆಯದೇ.

ದೊಡ್ಡ ವಿಮಾನ ಕಣ್ಣಿಗೆ ಮೋಸ ಮಾಡುತ್ತದೆ. ಇಳಿಯುವಾಗ ಗಂಟೆಗೆ 200 ಕಿಲೊಮೀಟರಿಗೂ ಮಿಕ್ಕಿದ ವೇಗವಿದ್ದರೂ ಗಾತ್ರದ ದೆಸೆಯಿಂದ ನಿಧಾನವಾಗಿ ತೇಲಿದಂತೆ ಕಾಣುತ್ತದೆ. ಹೊಸಬರು ಸಮಯವಿದೆ ಎಂದುಕೊಂಡು ಸುಮ್ಮನಿರುತ್ತಾರೆ. ವಿಮಾನ ಚೌಕಟ್ಟಿಗೆ ಬಂದಾಗ ಬಾಲ ಒಂದು ಕಡೆ, ರೆಕ್ಕೆ ಒಂದು ಕಡೆ ಕತ್ತರಿಸಿಹೋಗಿರುತ್ತದೆ. ಪಳಗಿದವರು ಮಾಡುವುದು ಬೇರೆ. ಕಾಲು ಅಗಲಿಸಿ, ವಿಮಾನ ಎದುರಿಗೆ ಬಂದು ದಾಟಲಿರುವ ಕಡೆಗೆ ಪಾದ ತಿರುಗಿಸಿ ನಿಲ್ಲುತ್ತಾರೆ. ಸೊಂಟದಿಂದ ಮೇಲಿನ ಮೈಯನ್ನು ಮೊದಲೇ ಹಿಂದಕ್ಕೆ ಹೊರಳಿಸಿ, ದೂರದಲ್ಲಿ ಇಳಿಯುವ ದೀಪಗಳು ಕಂಡಾಗಿನಿಂದಲೇ ಲೆನ್ಸ್‌ನಲ್ಲಿ ಹಿಡಿದು, ಮೊಣಕೈ ಎದೆಗೆ ಒತ್ತಿಕೊಂಡು, ವಿಮಾನದ ಜೊತೆ ಜೊತೆಗೇ ಮೈ ತಿರುಗಿಸುತ್ತಾರೆ. ಗುಂಡಿ ಒತ್ತಿದ ಮೇಲೂ ತಿರುಗುವುದನ್ನು ನಿಲ್ಲಿಸುವುದಿಲ್ಲ. ನಿಲ್ಲಿಸಿದರೆ ಚಿತ್ರ ಅಲುಗುತ್ತದೆ.

ಜೆಟ್‌ಗೆ ಫ್ಯಾನು ಹೊರಗಿಲ್ಲ, ಹಾಗಾಗಿ ಸೆಕೆಂಡಿನ ಸಾವಿರದ ಒಂದು ಭಾಗ ಅಥವಾ ಅದಕ್ಕಿಂತ ಚುರುಕಾದ ಶಟರ್ ಇಟ್ಟರೂ ತೊಂದರೆಯಿಲ್ಲ. ಅದೇ ವೇಗವನ್ನು ಸಿ-130ಜೆ ಹರ್ಕ್ಯುಲಸ್‌ನಂಥ ಪ್ರೊಪೆಲರ್ ವಿಮಾನಕ್ಕೆ ಇಟ್ಟರೆ ರೆಕ್ಕೆ ಮುಂದಿನ ಫ್ಯಾನುಗಳು ನಿಂತುಬಿಟ್ಟಂತೆ ಕಾಣುತ್ತವೆ. ನೋಡಿದವರು ಎಂಜಿನ್ ಕೆಟ್ಟಿತೇ ಎಂದು ಕೇಳುತ್ತಾರೆ. ಇನ್ನೊಂದು ತೊಡಕು ಬಣ್ಣದ್ದು. ಸೇನಾ ಸಾಗಣೆ ವಿಮಾನಗಳೆಲ್ಲ ಬೂದಿ ಬಣ್ಣ, ಬೇಸಿಗೆಯ ಆಕಾಶವೂ ಬೂದಿ. ಕ್ಯಾಮೆರಾ ಹೊಳೆಯುವ ಆಕಾಶವನ್ನೇ ಅಳೆದು ವಿಮಾನವನ್ನು ಕಪ್ಪು ಮಾಡಿಬಿಡುತ್ತದೆ. ಬೆಳಕನ್ನು ಒಂದು ಸ್ಟಾಪ್ ಏರಿಸದೆ ಹೊಟ್ಟೆಯ ಭಾಗದ ವಿವರ ಬರುವುದಿಲ್ಲ. ಬೆಳಗ್ಗೆ ಏಳರಿಂದ ಒಂಬತ್ತರ ಓರೆ ಬಿಸಿಲು ವಿಮಾನದ ಅಡಿಗೂ ತಾಗುತ್ತದೆ. ಮಧ್ಯಾಹ್ನ ಕ್ಯಾಮೆರಾ ಚೀಲದಲ್ಲಿದ್ದರೇ ಲೇಸು. ನೆಲದಿಂದೇಳುವ ಬಿಸಿಗಾಳಿಗೆ ಎಷ್ಟೇ ದುಬಾರಿ ಲೆನ್ಸಿನಲ್ಲೂ ವಿಮಾನ ನೀರೊಳಗಿನಿಂದ ನೋಡಿದಂತೆ ಅಲೆಯಾಡುತ್ತದೆ.

ಈ ಬಿಸಿಗಾಳಿಯ ಪಾಠ ಕಲಬುರಗಿ ಜಿಲ್ಲೆಯವರಿಗೆ ಹೇಳಿಕೊಡಬೇಕಾಗಿಲ್ಲ. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಊರುಗಳಿವು. ಮೇಲಾಗಿ ವಾಡಿ, ಶಹಾಬಾದ್, ಚಿತ್ತಾಪುರ, ಸೇಡಂ ಎಂದರೆ ಸುಣ್ಣದ ಕಲ್ಲಿನ ಸೀಮೆ. ವಾಡಿಯ ಎಸಿಸಿ, ಮಳಖೇಡದ ರಾಜಶ್ರೀ, ಸೇಡಂನ ವಾಸವದತ್ತಾ ಸಿಮೆಂಟ್ ಕಾರ್ಖಾನೆಗಳ ಹೆಸರನ್ನು ಊರಿನ ಹೆಸರಿನೊಂದಿಗೇ ಹೇಳುವ ರೂಢಿ. ಕಲ್ಲುಗಣಿ, ಲಾರಿ, ಗೂಡುಗಳ ದೂಳು ಬೇಸಿಗೆಯಲ್ಲಿ ಆಕಾಶಕ್ಕೆ ತೆಳುವಾದ ಹಾಲು ಬಣ್ಣ ಬಳಿಯುತ್ತದೆ. ದೂರದ ವಿಮಾನ ಅದರಲ್ಲಿ ಕರಗುತ್ತದೆ. ಇಲ್ಲಿಯ ಫೋಟೊಗ್ರಾಫರನಿಗೆ ಸುಗ್ಗಿ ಎಂದರೆ ಮಳೆ ನಿಂತ ಮರುದಿನದ ಬೆಳಗು, ಇಲ್ಲವೇ ಡಿಸೆಂಬರಿನ ಚಳಿ. ಮಳೆ ತೊಳೆದ ಆಕಾಶದಲ್ಲಿ ಬಿಳಿ ಮೋಡ, ಕೆಳಗೆ ಕಾಗಿಣಾ ದಂಡೆಯ ಮಳಖೇಡ ಕೋಟೆ ಅಥವಾ ಸಿಮೆಂಟ್ ಕಾರ್ಖಾನೆಯ ಎತ್ತರದ ಚಿಮಣಿ, ನಡುವೆ ಒಂದು ಜೆಟ್: ಇಂಥ ಚಿತ್ರ ಯಲಹಂಕದಲ್ಲಿ ಎಷ್ಟು ದುಡ್ಡು ಕೊಟ್ಟರೂ ಸಿಗದು. ಖಾಲಿ ಆಕಾಶದಲ್ಲಿ ತೇಲುವ ವಿಮಾನದ ಚಿತ್ರಗಳು ಜಗತ್ತಿನಲ್ಲಿ ಲೆಕ್ಕವಿಲ್ಲದಷ್ಟಿವೆ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ಮೇಲೆ ಹಾರುವ ಜೆಟ್ಟಿನ ಚಿತ್ರಕ್ಕೆ ಊರಿದೆ, ವಿಳಾಸವಿದೆ.

ದುಡ್ಡಿನ ಮಾತು ಬಂತು. 2025ರ ಏರೋ ಇಂಡಿಯಾದಲ್ಲಿ ಬರೀ ಹಾರಾಟ ನೋಡುವ ಜಾಗದ ಟಿಕೆಟ್ 1000 ರೂಪಾಯಿ. ಪ್ರದರ್ಶನದ ಒಳಗೂ ಹೋಗಬೇಕೆಂದರೆ 2500. ಶಹಾಬಾದ್ ಅಥವಾ ವಾಡಿಯಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದವನಿಗೆ ಬೆಂಗಳೂರು ಒಂದಿಡೀ ರಾತ್ರಿಯ ದಾರಿ. ಅಲ್ಲಿ ಉಳಿಯುವ ಖರ್ಚು, ಲೆನ್ಸ್ ಬಾಡಿಗೆ ಬೇರೆ. ಕಾಲೇಜು ಹುಡುಗನೊಬ್ಬ ಇದಕ್ಕೆ ಮನೆಯಲ್ಲಿ ದುಡ್ಡು ಕೇಳುವುದುಂಟೇ? ಬೆಂಗಳೂರಲ್ಲಿ ಕಟ್ಟಡ ಕೆಲಸಕ್ಕೆ, ಸೆಕ್ಯುರಿಟಿ ಕೆಲಸಕ್ಕೆ ಹೋದ ಈ ಭಾಗದ ಹುಡುಗರು ಬಳ್ಳಾರಿ ರಸ್ತೆಯ ಬದಿಯಲ್ಲೋ, ಯಾರದೋ ತಾರಸಿಯ ಮೇಲೋ ನಿಂತು ಪುಕ್ಕಟೆ ನೋಡುತ್ತಾರೆ. ಅವರಿಗೆ ಸಿಗುವುದೂ ಅದೇ ಹದಿನಾಲ್ಕು ಪಿಕ್ಸೆಲ್ ಫೋಟೊ, ಕೊಂಚ ದಪ್ಪಗೆ.

ಇನ್ನು ಭಯದ ಮಾತಿಗೆ ಬರೋಣ.

ದೇಶದಲ್ಲಿ ಈಗಲೂ ಜಾರಿಯಲ್ಲಿರುವುದು ಬ್ರಿಟಿಷರು ಮಾಡಿದ 1923ರ ಅಧಿಕೃತ ರಹಸ್ಯಗಳ ಕಾಯ್ದೆ. ಅದರಲ್ಲಿ ‘ನಿಷೇಧಿತ ಸ್ಥಳ’ ಎಂಬುದಕ್ಕೆ ಕೊಟ್ಟ ವಿವರಣೆಯನ್ನು ಪುರುಸೊತ್ತಾಗಿ ಓದಬೇಕು. ಸೇನಾ ನೆಲೆ, ಶಸ್ತ್ರಾಗಾರ, ಶಿಬಿರಗಳ ಸಾಲಿನಲ್ಲೇ ಸರ್ಕಾರಕ್ಕೆ ಸೇರಿದ ಹಡಗು ಮತ್ತು ವಿಮಾನವೂ ಬರುತ್ತವೆ. ಅಂದರೆ ಅಕ್ಷರಶಃ ಓದಿದರೆ ಚಿಂಚೋಳಿಯ ಹೊಲದ ಮೇಲೆ ಹಾದುಹೋದ ಹಾಕ್ ಗಂಟೆಗೆ 700 ಕಿಲೊಮೀಟರ್ ವೇಗದಲ್ಲಿ ಓಡುವ ಒಂದು ನಿಷೇಧಿತ ಸ್ಥಳ! ಕಾಯ್ದೆ ತಡೆಯುವ ‘ನಕ್ಷೆ’ ಎಂಬುದರಲ್ಲಿ ಫೋಟೊ ಕೂಡ ಸೇರಿದೆ. ಸಮಾಧಾನದ ಸಂಗತಿಯೆಂದರೆ, ಅಪರಾಧವಾಗಲು ದೇಶದ ಭದ್ರತೆಗೆ ಧಕ್ಕೆ ತರುವ ಉದ್ದೇಶ ಇರಬೇಕು. ಆತಂಕದ ಸಂಗತಿಯೆಂದರೆ, ಆ ಉದ್ದೇಶವನ್ನು ಸಂದರ್ಭ ಮತ್ತು ನಡವಳಿಕೆಯಿಂದಲೇ ಊಹಿಸಲು ಕಾಯ್ದೆ ಅವಕಾಶ ಕೊಡುತ್ತದೆ. ರಕ್ಷಣಾ ವಿಷಯದಲ್ಲಿ ಶಿಕ್ಷೆ ಹದಿನಾಲ್ಕು ವರ್ಷದ ತನಕ ಹೋಗಬಹುದು. ಇಂಥ ಕಾಯ್ದೆಯನ್ನು ಠಾಣೆಯ ಪೇದೆಯೊಬ್ಬರು ಹೇಗೆ ಅರ್ಥ ಮಾಡಿಕೊಳ್ಳುತ್ತಾರೆ ಎಂಬುದರ ಮೇಲೆ ಹುಡುಗನ ಹಣೆಬರಹ ನಿಲ್ಲಬಾರದು.

ವಿಮಾನ ನಿಲ್ದಾಣದೊಳಗಿನ ಮಾತು ಬೇರೆ, ಅಲ್ಲಿ ಗೊಂದಲವೂ ಕಡಿಮೆ. ಬೀದರ್‌ನಲ್ಲಿ 2020ರಲ್ಲಿ ನಾಗರಿಕ ವಿಮಾನ ಸೇವೆ ಶುರುವಾದರೂ ರನ್‌ವೇ ವಾಯುಪಡೆಯದೇ. ಅಂಥಲ್ಲಿ ಇಳಿಯುವಾಗ, ಏರುವಾಗ ಕಿಟಕಿಯಿಂದ ಫೋಟೊ ತೆಗೆಯುವಂತಿಲ್ಲ. ಇದು ಸರಿಯಾದ ನಿರ್ಬಂಧ. ಯಾವ ಶೆಡ್ಡಿನಲ್ಲಿ ಏನಿದೆ, ಇಂಧನ ಎಲ್ಲಿದೆ ಎಂಬುದು ಹವ್ಯಾಸಿ ಫೋಟೊಗ್ರಾಫರನಿಗೆ ಬೇಕಾದ ವಿವರವೇ ಅಲ್ಲ. ಬೇಲಿಯೊಳಗಿನದು ಅವರದ್ದು, ಬೇಲಿ ದಾಟಿ ಎಲ್ಲರ ನೆತ್ತಿಯ ಮೇಲೆ ಹಾರಿದ್ದು ಎಲ್ಲರೂ ನೋಡಬಹುದಾದದ್ದು. ಈ ಗೆರೆಯನ್ನು ಎಲ್ಲೂ ಸ್ಪಷ್ಟವಾಗಿ ಎಳೆಯದಿರುವುದೇ ತಕರಾರು.

ಗೆರೆ ಮಸುಕಾದಲ್ಲಿ ಏನಾಗುತ್ತದೆ ಎಂಬುದಕ್ಕೆ ಗ್ರೀಸ್ ದೇಶದ ಕಥೆಯಿದೆ. 2001ರ ನವೆಂಬರಿನಲ್ಲಿ ಕಲಮಾಟಾ ವಾಯುನೆಲೆಯ ಬಳಿ ಹನ್ನೆರಡು ಬ್ರಿಟಿಷರು, ಇಬ್ಬರು ಡಚ್ಚರು ಬಂಧನಕ್ಕೊಳಗಾದರು. ವಿಮಾನಗಳ ನಂಬರ್ ಬರೆದುಕೊಳ್ಳುವ ಹವ್ಯಾಸ ಅವರದ್ದು. ಹೋದದ್ದು ನೆಲೆಯಲ್ಲಿ ಸಾರ್ವಜನಿಕರಿಗೆ ಬಾಗಿಲು ತೆರೆದ ದಿನದಂದು. ಗೂಢಚಾರಿಕೆಯ ಆರೋಪದಲ್ಲಿ ಕೆಳ ನ್ಯಾಯಾಲಯ ಮರುವರ್ಷ ಏಪ್ರಿಲಿನಲ್ಲಿ ಶಿಕ್ಷೆ ಕೊಟ್ಟಿತು, ನವೆಂಬರಿನಲ್ಲಿ ಮೇಲ್ಮನವಿಯಲ್ಲಿ ಎಲ್ಲರೂ ಖುಲಾಸೆಯಾದರು. ಅಂಥ ಹವ್ಯಾಸವೂ ಜಗತ್ತಿನಲ್ಲಿದೆ ಎಂದು ನ್ಯಾಯಾಲಯಕ್ಕೆ ಮನವರಿಕೆಯಾಗಲು ಒಂದು ವರ್ಷ ಹಿಡಿಯಿತು. ನಮ್ಮಲ್ಲೂ 2010ರಲ್ಲಿ ದೆಹಲಿ ವಿಮಾನ ನಿಲ್ದಾಣದ ಪಕ್ಕದ ಹೋಟೆಲಿನಿಂದ ವಿಮಾನ ಗಮನಿಸುತ್ತಿದ್ದ ಇಬ್ಬರು ಬ್ರಿಟಿಷರು ಸೆರೆಯಾಗಿ, ಕೊನೆಗೆ ಸಣ್ಣ ತಪ್ಪಿಗೆ ದಂಡ ಕಟ್ಟಿ ಊರಿಗೆ ಮರಳಿದರು. ಅವರ ಪರವಾಗಿ ಮಾತಾಡಲು ಒಂದು ಹೈಕಮಿಷನ್ ಕಚೇರಿ ಇತ್ತು. ಚಿಂಚೋಳಿ ತಾಲ್ಲೂಕಿನ ಐನಾಪುರದ ಹುಡುಗನಿಗೆ ಯಾರಿದ್ದಾರೆ?

ಬ್ರಿಟನ್ನಿನಲ್ಲಿ ಇದೇ ಹವ್ಯಾಸ ಪ್ರವಾಸೋದ್ಯಮವೇ ಆಗಿದೆ. ವೇಲ್ಸ್‌ನ ಬೆಟ್ಟದ ಕಣಿವೆಯೊಂದರಲ್ಲಿ ಜೆಟ್‌ಗಳು ತಗ್ಗು ಹಾರಾಟದ ಅಭ್ಯಾಸ ಮಾಡುತ್ತವೆ. ಮಾಕ್ ಲೂಪ್ ಎಂದು ಅದಕ್ಕೆ ಹೆಸರು. ಬೆಟ್ಟದ ಮೇಲೆ ನಿಂತ ಫೋಟೊಗ್ರಾಫರಿಗಿಂತ ಕೆಳಗೆ ವಿಮಾನಗಳು ಹಾಯುತ್ತವೆ; ಪೈಲಟ್ಟಿನ ಹೆಲ್ಮೆಟ್ ಕೂಡ ಚಿತ್ರದಲ್ಲಿ ಸಿಗುತ್ತದೆ. ಅದರಿಂದ ಬ್ರಿಟನ್ನಿನ ರಕ್ಷಣೆ ಕುಸಿದುಬಿದ್ದಿಲ್ಲ.

ಗುಟ್ಟು ಎಂಬುದು ಎಲ್ಲಿರುತ್ತದೆ ಎಂಬುದಕ್ಕೆ ಬೀದರ್‌ನ ಚರಿತ್ರೆಯೇ ಒಂದು ವಿಚಿತ್ರ ಸಾಕ್ಷಿ. ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯದ ಪೈಲಟ್ 1939ರಲ್ಲಿ ವ್ಯಾಪಾರಿಯ ಸೋಗಿನಲ್ಲಿ ಸಣ್ಣ ಲಾಕ್‌ಹೀಡ್ ವಿಮಾನದೊಳಗೆ ಕ್ಯಾಮೆರಾಗಳನ್ನು ಅಡಗಿಸಿಕೊಂಡು ಜರ್ಮನಿಯ ಮೇಲೆ ಹಾರಿ ಫೋಟೊ ತೆಗೆದವನು; ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ವೈಮಾನಿಕ ಬೇಹುಗಾರಿಕೆ ಛಾಯಾಗ್ರಹಣಕ್ಕೆ ಅಡಿಪಾಯ ಹಾಕಿದವರಲ್ಲಿ ಮೊದಲಿಗ. ಇದೇ ಕಾಟನ್ 1948ರಲ್ಲಿ ಹೈದರಾಬಾದ್ ನಿಜಾಮನ ಸೇನೆಗೆ ಕರಾಚಿಯಿಂದ ಕದ್ದುಮುಚ್ಚಿ ಶಸ್ತ್ರ ಸಾಗಿಸಿದ. ಅವನು ಬಳಸಿದ್ದು ಲ್ಯಾಂಕಾಸ್ಟರ್ ಬಾಂಬರನ್ನೇ ಮಾರ್ಪಡಿಸಿದ ನಾಲ್ಕು ಎಂಜಿನ್ನಿನ ಲ್ಯಾಂಕಾಸ್ಟ್ರಿಯನ್ ವಿಮಾನಗಳು. ಅವು ಇಳಿಯುತ್ತಿದ್ದ ಜಾಗಗಳಲ್ಲಿ ವಾರಂಗಲ್ ಜೊತೆ ಬೀದರ್ ಕೂಡ ಒಂದು. ಆ ವರ್ಷ ಸೆಪ್ಟೆಂಬರ್ 13ರಂದು ಭಾರತೀಯ ಸೇನೆ ಒಳನುಗ್ಗಿ, 17ರಂದು ನಿಜಾಮ ಶರಣಾದ ಮೇಲೆ ಕಾಟನ್‌ನ ವ್ಯಾಪಾರ ನಿಂತಿತು. ಲಂಡನ್ನಿನ ನ್ಯಾಯಾಲಯದಲ್ಲಿ ಅವನಿಗೆ ಬಿದ್ದದ್ದು 200 ಪೌಂಡ್ ದಂಡ. ಪ್ರತಿವರ್ಷ ಸೆಪ್ಟೆಂಬರ್ 17ಕ್ಕೆ ಕಲ್ಯಾಣ ಕರ್ನಾಟಕ ಉತ್ಸವದ ಧ್ವಜ ಏರಿಸುವ ಸೇಡಂ, ಚಿತ್ತಾಪುರದ ಶಾಲೆಗಳಲ್ಲಿ ಈ ಕಥೆ ಹೇಳಿದರೆ ಮಕ್ಕಳು ಕಿವಿ ನಿಮಿರಿಸಿ ಕೇಳಿಯಾರು. ಅದರ ಪಾಠ ಇಷ್ಟೇ: ಬೇಹುಗಾರಿಕೆ ಮಾಡುವವನು ಹೊಲದಲ್ಲಿ ನಿಂತು ಸ್ಟೇಟಸ್ ಹಾಕುವುದಿಲ್ಲ. ಈಗಂತೂ ಅವನ ಕೆಲಸವನ್ನು ಉಪಗ್ರಹಗಳು ಮಾಡುತ್ತವೆ.

ಹಾಗೆಂದು ಫೋಟೊ ತೆಗೆಯುವವರಿಗೆ ಹೊಣೆಯೇ ಇಲ್ಲವೆಂದಲ್ಲ. 2025ರ ಏಪ್ರಿಲಿನಲ್ಲಿ ಪಹಲ್ಗಾಮ್ ದಾಳಿಯ ನಂತರ ಸೇನಾ ಚಲನವಲನದ ನೇರ ಪ್ರಸಾರ ಬೇಡವೆಂದು ಕೇಂದ್ರ ಸರ್ಕಾರ ಮಾಧ್ಯಮಗಳಿಗೂ ಸಾಮಾಜಿಕ ಜಾಲತಾಣ ಬಳಸುವವರಿಗೂ ಸೂಚಿಸಿತು. ಅದು ನ್ಯಾಯವಾದ ಮಾತು. ಒಂದು ದೊಡ್ಡ ಸಾಗಣೆ ಜೆಟ್ಟಿನ ಚಿತ್ರದಲ್ಲಿ ಗುಟ್ಟಿಲ್ಲ. ಇಂಥ ಹೊತ್ತಿಗೆ, ಇಂಥ ಊರಿನ ಮೇಲೆ, ಇಂಥ ದಿಕ್ಕಿಗೆ ಇಷ್ಟು ವಿಮಾನ ಹೋದವು ಎಂಬ ಸಾಲಿನಲ್ಲಿ ಗುಟ್ಟಿದೆ. ಚಿತ್ರವನ್ನು ವಾರ ಬಿಟ್ಟು ಹಾಕಿದರೆ ಅದರ ಅಂದ ಕೆಡುವುದಿಲ್ಲ. ಅಪಘಾತದ ಚಿತ್ರಗಳಂತೂ ಮೊಬೈಲಿನಿಂದ ಹೊರಗೆ ಹೋಗಲೇಬಾರದು. 2006ರಲ್ಲಿ ಮತ್ತು 2009ರಲ್ಲಿ ಬೀದರ್ ಬಳಿ ಸೂರ್ಯಕಿರಣದ ಪೈಲಟ್‌ಗಳು ಜೀವ ಕಳೆದುಕೊಂಡರು. 2019ರ ಫೆಬ್ರುವರಿ 19ರಂದು, ಏರೋ ಇಂಡಿಯಾಕ್ಕೆ ಒಂದು ದಿನ ಮುಂಚೆ, ಯಲಹಂಕದ ಮೇಲೆ ಅಭ್ಯಾಸದಲ್ಲಿದ್ದ ಎರಡು ಹಾಕ್‌ಗಳು ಡಿಕ್ಕಿಯಾಗಿ ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ ತೀರಿಕೊಂಡರು. ಅಂಥ ಅಪಘಾತದ ವಿಡಿಯೊ ಮನೆಯವರಿಗೆ ಸುದ್ದಿ ಮುಟ್ಟುವ ಮೊದಲೇ ಊರೆಲ್ಲ ಸುತ್ತಿದರೆ ಹೇಗಿರುತ್ತದೆ ಎಂದು ಯೋಚಿಸಿದವರು ಫಾರ್ವರ್ಡ್ ಒತ್ತಲಾರರು.

ಚೆಂದದ ಚಿತ್ರದ ಹಟವೇ ವಿಮಾನ ಕೆಡವಿದ್ದೂ ಉಂಟು. 1966ರ ಜೂನ್ 8ರಂದು ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಆರು ಎಂಜಿನ್ನಿನ ಬೃಹತ್ ಬಾಂಬರ್ ಎಕ್ಸ್‌ಬಿ-70 ಮತ್ತು ಜನರಲ್ ಎಲೆಕ್ಟ್ರಿಕ್ ಎಂಜಿನ್ ಇದ್ದ ಇತರ ಜೆಟ್‌ಗಳನ್ನು ಒತ್ತೊತ್ತಾಗಿ ಹಾರಿಸಿ ಪ್ರಚಾರದ ಫೋಟೊ ತೆಗೆಯಲಾಗುತ್ತಿತ್ತು. ಬಾಂಬರಿನ ರೆಕ್ಕೆ ತುದಿಯ ಸುಳಿಗಾಳಿಗೆ ಪಕ್ಕದ ಎಫ್-104 ಸಿಕ್ಕಿ ಅದರ ಮೇಲೆಯೇ ಉರುಳಿತು. ಇಬ್ಬರು ಪೈಲಟ್‌ಗಳು ಸತ್ತರು. ಫೋಟೊ ಚೆನ್ನಾಗಿಯೇ ಬಂದಿತ್ತು. ದೊಡ್ಡ ವಿಮಾನದ ಹಿಂದೆ ಗಾಳಿ ಎಂಥ ಸುಳಿ ಬಿಡುತ್ತದೆ ಎಂಬುದನ್ನು ಪೈಲಟ್ ಶಾಲೆಗಳು ಇಂದಿಗೂ ಆ ಘಟನೆ ತೋರಿಸಿ ಹೇಳುತ್ತವೆ. ನೆಲದಲ್ಲಿ ನಿಂತು ಚಿತ್ರ ತೆಗೆಯುವವನಿಂದ ಅಂಥ ಅಪಾಯವಿಲ್ಲ, ಅವನು ಡ್ರೋನ್ ಹಾರಿಸದಿದ್ದರೆ. ಸೇನಾ ನೆಲೆಯ ಸುತ್ತ ಡ್ರೋನ್ ಹಾರಿಸುವವರ ಮೇಲೆ ಕೇಸು ಹಾಕಿದರೆ ಅದಕ್ಕೆ ಯಾರೂ ಅಡ್ಡಿ ಮಾತಾಡಬಾರದು.

ಹಾಗಾದರೆ ಆಗಬೇಕಾದ್ದೇನು? ಬೀದರ್ ನೆಲೆ ವರ್ಷಕ್ಕೊಂದು ದಿನ, ಚಳಿಗಾಲದ ಒಂದು ಬೆಳಗ್ಗೆ, ಬೇಲಿಯ ಹೊರಗೆ ತಾನೇ ಆಯ್ದ ಜಾಗದಲ್ಲಿ, ಸೂರ್ಯ ಬೆನ್ನಿಗೆ ಬರುವಂತೆ ಫೋಟೊಗ್ರಾಫರಿಗೆ ನಿಲ್ಲಲು ಅವಕಾಶ ಕೊಡಲಿ. ಸೂರ್ಯಕಿರಣ ಬೀದರ್ ಕೋಟೆಯ ಮೇಲೆ ಸಾರ್ವಜನಿಕರಿಗೆಂದೇ ಪ್ರದರ್ಶನ ಕೊಟ್ಟಿದೆ, ಮೈಸೂರು ದಸರೆಯಲ್ಲೂ ಹಾರಿದೆ. ತವರಿನಲ್ಲಿ ಅದು ವರ್ಷವಾರಿ ವಾಡಿಕೆಯಾಗಲಿ. ಆಸಕ್ತರ ಹೆಸರು, ಆಧಾರ್ ಮೊದಲೇ ಬರೆಸಿಕೊಂಡರೂ ಯಾರೂ ಬೇಜಾರಾಗುವುದಿಲ್ಲ. 2024ರ ಅಕ್ಟೋಬರಿನಲ್ಲಿ ಚೆನ್ನೈನ ಮರೀನಾದಲ್ಲಿ ವಾಯುಪಡೆ ಪ್ರದರ್ಶನದ ದಿನ ಬಿಸಿಲಿನ, ಜನಜಂಗುಳಿಯ ನಡುವೆ ಐದು ಮಂದಿ ಬಲಿಯಾದದ್ದನ್ನು ನೆನಪಿಟ್ಟು ನೀರು, ನೆರಳು, ಬಸ್ಸಿನ ವ್ಯವಸ್ಥೆ ಮೊದಲು ಮಾಡಲಿ, ಆಮೇಲೆ ವೇದಿಕೆ, ಶಾಲು, ಹಾರ.

ಇನ್ನೊಂದು ಆಸೆ ಕೊಂಚ ದೊಡ್ಡದು. 2019ರ ನವೆಂಬರ್ 22ರಂದು ಉದ್ಘಾಟನೆಯಾದ ಕಲಬುರಗಿ ವಿಮಾನ ನಿಲ್ದಾಣ ಇರುವುದು ಸೇಡಂ ರಸ್ತೆಯ ಬದಿಯ ಶ್ರೀನಿವಾಸ ಸರಡಗಿಯಲ್ಲಿ. ರನ್‌ವೇ ಮೂರು ಕಿಲೊಮೀಟರಿಗೂ ಉದ್ದ. ಗ್ಲೋಬ್‌ಮಾಸ್ಟರ್ ಇಳಿಯಲು ಒಂದು ಕಿಲೊಮೀಟರ್ ಚಿಲ್ಲರೆ ಸಾಕು. ವಾಯುಪಡೆ ಮನಸ್ಸು ಮಾಡಿದರೆ ಒಂದು ಬೆಳಗ್ಗೆ ಆ ದೈತ್ಯ ಸರಡಗಿಯ ಮೇಲೆ ತಗ್ಗಿ ಹಾದುಹೋಗಬಹುದು. ಸೆಪ್ಟೆಂಬರ್ 17ಕ್ಕೇ ಆಗಲಿ ಎಂದು ಯಾರಾದರೂ ಹೇಳಬಹುದು; ಆದರೆ ಜಿಲ್ಲೆಗೆ ಸೆಪ್ಟೆಂಬರ್ ಜಡಿಮಳೆಯ ತಿಂಗಳು. ಜನವರಿ ಲೇಸು. ಕಲ್ಯಾಣ ಕರ್ನಾಟಕ ಪ್ರದೇಶ ಅಭಿವೃದ್ಧಿ ಮಂಡಳಿ ಸರ್ಕಾರಿ ಪದವಿ ಕಾಲೇಜುಗಳಿಗೆ ಒಂದೊಂದು ಕ್ಯಾಮೆರಾ, ಒಂದೊಂದು ಉದ್ದ ಲೆನ್ಸ್ ಕೊಡಿಸಿದರೆ ಅದರ ಖರ್ಚು ಒಂದು ಸಿಮೆಂಟ್ ರಸ್ತೆಯ ತುಂಡಿಗಿಂತ ಕಡಿಮೆ. ಚಿಂಚೋಳಿ ವನ್ಯಧಾಮದ ಹಕ್ಕಿಗಳಿಗೂ ಅದೇ ಲೆನ್ಸ್ ಆಗುತ್ತದೆ.

ಇವೆಲ್ಲಕ್ಕಿಂತ ಮೊದಲು ಬೇಕಾದದ್ದು ಒಂದು ಕಾಗದ. ಎಲ್ಲಿ ನಿಂತು ತೆಗೆಯಬಹುದು, ಎಲ್ಲಿ ಕೂಡದು, ಏನನ್ನು ಹಂಚಬಾರದು, ಪೊಲೀಸರು ಕೇಳಿದರೆ ಏನು ತೋರಿಸಬೇಕು: ಇಷ್ಟನ್ನು ಕನ್ನಡದಲ್ಲಿ, ಗಡಿ ಹಳ್ಳಿಗಳಿಗೆ ಬೇಕಾದರೆ ಉರ್ದು, ತೆಲುಗಿನಲ್ಲೂ, ಒಂದೇ ಪುಟದಲ್ಲಿ ಬರೆದು ಪಂಚಾಯಿತಿ ಕಟ್ಟೆಗೂ ಠಾಣೆಗೂ ಅಂಟಿಸಬೇಕು. ಬೀದರ್ ನೆಲೆಯ ಅಧಿಕಾರಿಗಳು, ಬೀದರ್ ಮತ್ತು ಕಲಬುರಗಿಯ ಜಿಲ್ಲಾಧಿಕಾರಿಗಳು, ಪೊಲೀಸ್ ಮುಖ್ಯಸ್ಥರು ಒಂದು ಮಧ್ಯಾಹ್ನ ಕೂತರೆ ಮುಗಿಯುವ ಕೆಲಸ ಇದು. ಎರಡು ವರ್ಷದ ಲೆಕ್ಕದಲ್ಲಿ ಮುಂದಿನ ಏರೋ ಇಂಡಿಯಾ 2027ಕ್ಕೆ ಬರುತ್ತದೆ. ಆ ಕಾಗದ ಅದಕ್ಕಿಂತ ಮೊದಲು ಬರಲಿ.